ಸೋಲಿಗೆ ಹೊಣೆ ಯಾರು? ಫುಟ್‌ಬಾಲ್ ಕ್ಲಬ್‌ನಲ್ಲಿ ತಪ್ಪಿನ ವಯಸ್ಸು ಹುಡುಕುವ ಬಗೆ

ಜರ್ಮನಿಯ ಶಾಲ್ಕೆ 04 ಕ್ಲಬ್ ಅಲ್ಲಿನ ಮೇಲಿನ ದರ್ಜೆಯ ಲೀಗ್ ಆದ ಬುಂಡೆಸ್‌ಲಿಗಾದಲ್ಲಿ 2020–21ರಲ್ಲಿ ಒಂದೇ ಋತುವಿಗೆ ಐವರು ಕೋಚ್‌ಗಳನ್ನು ಕಂಡಿತು. ಡೇವಿಡ್ ವ್ಯಾಗ್ನರ್ ಅವರನ್ನು ಎರಡನೇ ಪಂದ್ಯ ಮುಗಿಯುತ್ತಲೇ ತೆಗೆದರು. ಆಮೇಲೆ ಮಾನುಯೆಲ್ ಬಾಮ್, ಹಂಗಾಮಿಯಾಗಿ ಹ್ಯೂಬ್ ಸ್ಟೀವನ್ಸ್, ಕ್ರಿಸ್ಟಿಯಾನ್ ಗ್ರೋಸ್, ಕೊನೆಗೆ ದಿಮಿತ್ರಿಯೋಸ್ ಗ್ರಾಮೊಜಿಸ್. 34 ಪಂದ್ಯಗಳಲ್ಲಿ ಗೆದ್ದದ್ದು 3, ಸಿಕ್ಕಿದ್ದು 16 ಅಂಕ. ಹಿಂದಿನ ಋತುವಿನಿಂದಲೇ ಶುರುವಾಗಿದ್ದ ಗೆಲುವಿನ ಬರ 30 ಲೀಗ್ ಪಂದ್ಯಗಳವರೆಗೆ ಎಳೆಯಿತು. ಟಾಸ್ಮಾನಿಯಾ ಬರ್ಲಿನ್ ತಂಡದ ಹೆಸರಲ್ಲಿ 1965–66ರಿಂದ ಇರುವ 31 ಪಂದ್ಯಗಳ ಕೆಟ್ಟ ದಾಖಲೆಯನ್ನು ಮುಟ್ಟಲು ಒಂದೇ ಒಂದು ಪಂದ್ಯ ಬಾಕಿ ಇತ್ತು. ಮೂರು ದಶಕ ಮೇಲಿನ ದರ್ಜೆಯಲ್ಲಿದ್ದ ಕ್ಲಬ್ ಕೆಳಗೆ ಜಾರಿತು.

ಐವರಿಗೂ ಒಮ್ಮೆಲೇ ಕೆಲಸ ಮರೆತುಹೋಯಿತೆಂದು ನಂಬುವುದು ಕಷ್ಟ. ಆದರೂ ಸೋತಾಗಲೆಲ್ಲ ಮೊದಲು ತಲೆದಂಡ ತೆತ್ತವರು ಕೋಚ್‌ಗಳೇ. ತಂಡ ಕಟ್ಟುವ ಹೊಣೆ ಹೊತ್ತಿದ್ದ ಸ್ಪೋರ್ಟಿಂಗ್ ಡೈರೆಕ್ಟರ್ ಯೋಹೆನ್ ಶ್ನೈಡರ್ ಹೋದದ್ದು ಋತುವಿನ ಮೂರನೇ ಎರಡು ಭಾಗ ಮುಗಿದ ಮೇಲೆ, ನಾಲ್ಕನೇ ಕೋಚ್ ಜೊತೆಯಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಈ ಪದ್ಧತಿ ವೃತ್ತಿಪರ ಫುಟ್‌ಬಾಲ್‌ನಲ್ಲಿ ಎಷ್ಟು ಸಹಜವಾಗಿದೆಯೆಂದರೆ, ಜ್ವರ ಯಾರಿಗೆ ಬಂದಿದೆ ಎಂದು ಕೇಳುವುದನ್ನೇ ಮರೆಯುತ್ತೇವೆ.

ಹೊಣೆಯನ್ನು ಸರಿಯಾಗಿ ಹಂಚಲು ಒಂದು ದಾರಿಯಿದೆ. ಪ್ರತಿ ತಪ್ಪಿಗೂ ಒಂದು ವಯಸ್ಸಿರುತ್ತದೆ. ಆಟಗಾರನ ತಪ್ಪು ಆ ಕ್ಷಣದಲ್ಲೇ ಕಣ್ಣಿಗೆ ಬೀಳುತ್ತದೆ. ಕೋಚ್ ಮಾಡಿದ ತಪ್ಪು ಹೊರಬರಲು ಕೆಲವು ವಾರ ಬೇಕು. ಆಟಗಾರರ ಖರೀದಿ, ಒಪ್ಪಂದಗಳಲ್ಲಿ ಆದ ತಪ್ಪು ಒಂದೆರಡು ವರ್ಷ ಬಿಟ್ಟು ಅಂಕಪಟ್ಟಿಗೆ ಬರುತ್ತದೆ. ಮಾಲೀಕರ ತಪ್ಪಿಗೆ ಮೂರರಿಂದ ಐದು ವರ್ಷ ಹಿಡಿಯಬಹುದು. ಇವತ್ತಿನ ಸೋಲು ಎಷ್ಟು ಹಳೆಯ ತೀರ್ಮಾನದ ಫಲ, ಆ ದಿನ ಸಹಿ ಹಾಕುವ ಅಧಿಕಾರ ಯಾರ ಕೈಯಲ್ಲಿತ್ತು ಎಂದು ನೋಡಿದರೆ ಅರ್ಧ ಗೊಂದಲ ತಿಳಿಯಾಗುತ್ತದೆ.

ನಿಜವಾಗಿಯೂ ಕಳಪೆಯೇ?

ಹೊಣೆ ಹುಡುಕುವ ಮುನ್ನ ತಂಡ ತನ್ನ ಯೋಗ್ಯತೆಗಿಂತ ಕೆಳಗೆ ಆಡುತ್ತಿದೆಯೇ ಎಂಬುದು ಇತ್ಯರ್ಥವಾಗಬೇಕು. ಅಭಿಮಾನಿಗಳ ಆಸೆ ಇಲ್ಲಿ ಅಳತೆಗೋಲಲ್ಲ, ಕ್ಲಬ್‌ನ ಇತಿಹಾಸವೂ ಅಲ್ಲ. ಇರುವವುಗಳಲ್ಲಿ ನಂಬಬಹುದಾದ ಅಳತೆ ಆಟಗಾರರ ಸಂಬಳದ ಒಟ್ಟು ಮೊತ್ತ. ಇಂಗ್ಲಿಷ್ ಲೀಗ್‌ಗಳ ಲೆಕ್ಕಪತ್ರ ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞ ಸ್ಟೆಫಾನ್ ಷಿಮಾನ್‌ಸ್ಕಿ ತೋರಿಸಿಕೊಟ್ಟಂತೆ, ಹತ್ತು ವರ್ಷಗಳ ಸರಾಸರಿ ತೆಗೆದರೆ ಕ್ಲಬ್‌ಗಳ ಸ್ಥಾನಗಳ ನಡುವಿನ ವ್ಯತ್ಯಾಸದಲ್ಲಿ ಶೇ 90ರ ಆಸುಪಾಸು ಸಂಬಳದ ವ್ಯತ್ಯಾಸದಿಂದಲೇ ವಿವರಿಸಬಹುದು. ಒಂದೇ ಋತುವಿನ ಮಟ್ಟಿಗೆ ಈ ನಂಟು ಇಷ್ಟು ಬಿಗಿಯಾಗಿರುವುದಿಲ್ಲ. ಆದರೂ ಸಂಬಳದಲ್ಲಿ ಹದಿನಾರನೆಯ ಕ್ಲಬ್ ಹದಿನಾಲ್ಕನೆಯ ಸ್ಥಾನದಲ್ಲಿದ್ದರೆ ಅದರ ಕೋಚ್ ಮೇಲೆ ಕೂಗಾಡುವುದಕ್ಕೆ ಅರ್ಥವಿಲ್ಲ.

2022–23ರ ಇಂಗ್ಲೆಂಡಿನ ಲೆಸ್ಟರ್ ಸಿಟಿ ಕ್ಲಬ್ ಇದಕ್ಕೆ ತದ್ವಿರುದ್ಧ. ವರಮಾನ ಸುಮಾರು 17.7 ಕೋಟಿ ಪೌಂಡ್. ಸಂಬಳದ ಬಾಬ್ತು 20.5 ಕೋಟಿ ದಾಟಿತ್ತು. 34 ಅಂಕ ಪಡೆದು 18ನೇ ಸ್ಥಾನಕ್ಕಿಳಿದು ಮೇಲಿನ ದರ್ಜೆಯಿಂದ ಹೊರಬಿದ್ದಿತು. ಇದು ಯಾವ ಲೆಕ್ಕದಲ್ಲೂ ಕಳಪೆಯೇ.

ಎರಡನೇ ಪ್ರಶ್ನೆ ಅದೃಷ್ಟದ್ದು. ಇಲ್ಲಿ ಎಕ್ಸ್‌ಜಿ, ಅಂದರೆ ನಿರೀಕ್ಷಿತ ಗೋಲು, ನೆರವಿಗೆ ಬರುತ್ತದೆ. ಗೋಲ್‌ನಿಂದ ಎಷ್ಟು ದೂರ, ಯಾವ ಕೋನ, ಕಾಲಿನಿಂದಲೋ ತಲೆಯಿಂದಲೋ, ಮುಂದೆ ಎಷ್ಟು ಡಿಫೆಂಡರ್‌ಗಳಿದ್ದರು ಎಂಬುದನ್ನೆಲ್ಲ ನೋಡಿ, ಇಂಥ ಹೊಡೆತ ನೂರು ಬಾರಿ ಬಂದರೆ ಎಷ್ಟು ಗೋಲಾಗುತ್ತದೆ ಎಂದು ಹೇಳುವ ಸಂಖ್ಯೆ ಅದು. ಪೆನಾಲ್ಟಿಗೆ 0.75ಕ್ಕಿಂತ ತುಸು ಹೆಚ್ಚು. ಪೆನಾಲ್ಟಿ ಆವರಣದ ಒಳಗಿನ ಸಾಧಾರಣ ಅವಕಾಶಕ್ಕೆ 0.1ರ ಸುತ್ತಮುತ್ತ.

ಒಂದು ತಂಡ ಪಂದ್ಯದಲ್ಲಿ ತಲಾ 0.1 ಬೆಲೆಯ 15 ಹೊಡೆತ ಹೊಡೆಯಿತು ಎನ್ನಿ. ಒಟ್ಟು ನಿರೀಕ್ಷೆ ಒಂದೂವರೆ ಗೋಲು, ಚೆನ್ನಾದ ಆಟವೇ. ಆದರೆ ಹದಿನೈದೂ ಹೊಡೆತ ಹುಸಿಹೋಗುವ ಸಾಧ್ಯತೆ ಎಷ್ಟು? 0.9 ಅನ್ನು ಹದಿನೈದು ಸಲ ಗುಣಿಸಿದರೆ ಸುಮಾರು 0.21 ಬರುತ್ತದೆ. ಅಂದರೆ ಇಷ್ಟು ಚೆನ್ನಾಗಿ ಆಡಿಯೂ ಐದರಲ್ಲಿ ಒಂದು ಪಂದ್ಯದಲ್ಲಿ ಗೋಲೇ ಬರುವುದಿಲ್ಲ. 38 ಪಂದ್ಯಗಳ ಋತುವಿನಲ್ಲಿ ಇಂಥ ಮೂರು ಪಂದ್ಯ ಒಂದೇ ತಿಂಗಳಲ್ಲಿ ಬಂದು ಬಿದ್ದರೆ ಪತ್ರಿಕೆಗಳಲ್ಲಿ ಅದು ‘ಬಿಕ್ಕಟ್ಟು’ ಆಗುತ್ತದೆ.

ಕೋಚ್ ಯುರ್ಗೆನ್ ಕ್ಲಾಪ್ ಅವರ ಬೊರುಸಿಯಾ ಡಾರ್ಟ್‌ಮುಂಡ್ ತಂಡಕ್ಕೆ 2014–15ರಲ್ಲಿ ಆಗಿದ್ದು ಹೆಚ್ಚುಕಡಿಮೆ ಇದೇ. ಅರ್ಧ ಋತು ಮುಗಿದಾಗ 17 ಪಂದ್ಯಗಳಿಂದ 15 ಅಂಕ, 17ನೇ ಸ್ಥಾನ. ಹಿಂದಿನ ಬೇಸಿಗೆಯಲ್ಲಿ ತಂಡಕ್ಕೆ ಗೋಲು ಹೊಡೆಯುತ್ತಿದ್ದ ಲೆವಾಂಡೊವ್‌ಸ್ಕಿ ಬಯಾರ್ನ್ ಕ್ಲಬ್‌ಗೆ ಹೋಗಿದ್ದರು, ಅದರ ಪೆಟ್ಟು ಇದ್ದೇ ಇತ್ತು. ಆದರೆ ಅವಕಾಶಗಳ ಲೆಕ್ಕ ತೆಗೆದವರಿಗೆ ಕಂಡದ್ದು ಬೇರೆ ಚಿತ್ರ: ತಂಡ ಎದುರಾಳಿಗಳಿಗಿಂತ ಒಳ್ಳೆಯ ಅವಕಾಶ ಸೃಷ್ಟಿಸುತ್ತಿತ್ತು, ಚೆಂಡು ಬಲೆಯೊಳಗೆ ಹೋಗುತ್ತಿರಲಿಲ್ಲ. ಕ್ಲಬ್ ಕ್ಲಾಪ್ ಅವರನ್ನು ಕಳಿಸಲಿಲ್ಲ. ಉಳಿದ 17 ಪಂದ್ಯಗಳಲ್ಲಿ 31 ಅಂಕ ಗಳಿಸಿ ತಂಡ 7ನೇ ಸ್ಥಾನಕ್ಕೇರಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಲಿವರ್‌ಪೂಲ್ ಅವರನ್ನು ನೇಮಿಸಿಕೊಳ್ಳುವ ಹೊತ್ತಿಗೆ, ಆ ಕೆಟ್ಟ ಋತುವಿನ ಅಂಕಿಗಳನ್ನು ಅಲ್ಲಿನ ವಿಶ್ಲೇಷಕ ಇಯಾನ್ ಗ್ರಹಾಂ ಹೀಗೆಯೇ ಓದಿದ್ದರು.

ಎಕ್ಸ್‌ಜಿಯನ್ನು ಒಂದೆರಡು ಪಂದ್ಯಕ್ಕೆ ಹಚ್ಚಿ ನೋಡಬಾರದು. ಕನಿಷ್ಠ ಹತ್ತು ಪಂದ್ಯ ಬೇಕು. ಹತ್ತು ಪಂದ್ಯಗಳಲ್ಲಿ ತಾನು ಸೃಷ್ಟಿಸಿದ್ದಕ್ಕಿಂತ ಬಿಟ್ಟುಕೊಟ್ಟ ಅವಕಾಶಗಳ ಮೊತ್ತವೇ ದೊಡ್ಡದಾಗಿದ್ದರೆ, ಅದೃಷ್ಟವನ್ನು ದೂರುವಂತಿಲ್ಲ.

ಒಂದು ಕಾರ್ನರ್, ನಾಲ್ಕು ತಪ್ಪು

ಒಂದು ಗೋಲನ್ನು ಹತ್ತಿರದಿಂದ ನೋಡೋಣ. ಕಲ್ಪಿತವಾದದ್ದು, ಆದರೆ ವಾರಕ್ಕೊಮ್ಮೆಯಾದರೂ ಎಲ್ಲೋ ಒಂದು ಕಡೆ ಹೀಗೇ ಆಗುತ್ತದೆ.

76ನೇ ನಿಮಿಷ, ಎದುರಾಳಿಗೆ ಕಾರ್ನರ್ ಕಿಕ್. ರಕ್ಷಿಸುವ ತಂಡ ಜಾಗ ಕಾಯುವ ಪದ್ಧತಿಯಲ್ಲಿ ನಿಂತಿದೆ: ಚೆಂಡು ಬರುವ ಕಡೆಯ ಕಂಬದ ಮುಂದೆ ಒಬ್ಬ, ಗೋಲ್‌ನಿಂದ ಐದೂವರೆ ಮೀಟರ್ ದೂರದ ಗೆರೆಯ ಉದ್ದಕ್ಕೂ ಮೂವರು ಎತ್ತರದವರು, ಅವರ ಮುಂದೆ ಎದುರಾಳಿಗಳ ಓಟಕ್ಕೆ ಅಡ್ಡ ನಿಲ್ಲಲು ಮೂವರು, ಆವರಣದ ಅಂಚಿನಲ್ಲಿ ಇಬ್ಬರು. ಚೆಂಡು ಮಧ್ಯಕ್ಕೆ ಬರುತ್ತದೆ, ಎದುರಾಳಿಯ ಡಿಫೆಂಡರ್ ಮೇಲೆ ಹಾರಿ ತಲೆ ಕೊಡುತ್ತಾನೆ, ಗೋಲು. ಅವನ ಪಕ್ಕದಲ್ಲಿ ಅರ್ಧ ಮನಸ್ಸಿನಿಂದ ಹಾರಿದವನ ಮುಖವನ್ನೇ ಕ್ಯಾಮೆರಾ ಹಿಡಿಯುತ್ತದೆ. ತಪ್ಪಿತಸ್ಥ ಸಿಕ್ಕಿದ.

ಎರಡು ನಿಮಿಷ ಹಿಂದಕ್ಕೆ ಹೋಗಿ. ಅರ್ಧ ಮನಸ್ಸಿನಿಂದ ಹಾರಿದವನು 74ನೇ ನಿಮಿಷದಲ್ಲಿ ಬದಲಿಯಾಗಿ ಒಳಬಂದವನು. ಗೆರೆ ದಾಟುವ ಮುನ್ನ ಸಹಾಯಕ ಕೋಚ್ ಟ್ಯಾಬ್ಲೆಟ್‌ನಲ್ಲಿ ಅವನಿಗೆ ಕಾರ್ನರ್ ಜಾಗ ತೋರಿಸಿರುತ್ತಾನೆ. ಪ್ರತಿ ಬದಲಿಗೂ ಹೀಗೆ ತೋರಿಸುವುದು ವಾಡಿಕೆ. ಇಲ್ಲಿ ತೋರಿಸಿದ್ದು ಹೊರಹೋದವನ ಜಾಗವನ್ನೇ. ಹೊರಹೋದವನು ತಂಡದಲ್ಲೇ ಎತ್ತರದವನು, ಬಂದವನು ಅವನಿಗಿಂತ ಎಂಟು ಸೆಂಟಿಮೀಟರ್ ಗಿಡ್ಡ. ಇನ್ನೊಬ್ಬ ಎತ್ತರದವನನ್ನು ಮಧ್ಯಕ್ಕೆ ಸರಿಸಿ, ಇವನನ್ನು ಕಂಬದ ಬಳಿ ನಿಲ್ಲಿಸಬೇಕಿತ್ತು. ಈ ತಪ್ಪು ಬೆಂಚಿನದು.

ಎರಡು ವಾರ ಹಿಂದಕ್ಕೆ ಹೋದರೆ, ಎತ್ತರದವನು ಹೊರಹೋದದ್ದು ತೊಡೆಯ ಹಿಂಭಾಗದ ಸ್ನಾಯು ಬಿಗಿದುಕೊಂಡದ್ದರಿಂದ. ಗಾಯ ಪೂರ್ತಿ ಮಾಗುವ ಮುನ್ನವೇ ಅವನನ್ನು ಆಡಿಸಲಾಗಿತ್ತು. ಇನ್ನೂ ಹಿಂದಕ್ಕೆ, ಜನವರಿಯಲ್ಲಿ ಕ್ಲಬ್ ತನ್ನ ನಾಲ್ಕನೇ ಸೆಂಟರ್‌ಬ್ಯಾಕ್‌ನನ್ನು, ಅಂದರೆ ಗೋಲ್‌ನ ಮುಂದೆ ನಡುವೆ ನಿಲ್ಲುವ ಡಿಫೆಂಡರ್‌ನನ್ನು, ಮಾರಿ ಬದಲಿ ಕೊಳ್ಳದೇ ಉಳಿದಿತ್ತು. ಹಾಗಾಗಿ ಬೆಂಚಿನಲ್ಲಿ ಎತ್ತರದವರು ಯಾರೂ ಇರಲಿಲ್ಲ.

ಒಂದೇ ಗೋಲಿಗೆ ಎರಡು ಸೆಕೆಂಡ್, ಎರಡು ನಿಮಿಷ, ಎರಡು ವಾರ, ಮೂರು ತಿಂಗಳು ವಯಸ್ಸಿನ ನಾಲ್ಕು ತಪ್ಪು. ಟಿವಿಯಲ್ಲಿ ಕಂಡದ್ದು ಮೊದಲನೆಯದು ಮಾತ್ರ.

ಕೋಚ್ ಪಾಲಿಗೆ ಬರುವುದು

ಕೋಚ್ ಕೈಯಲ್ಲಿರುವುದು ಹನ್ನೊಂದರ ಆಯ್ಕೆ, ವಾರದ ತರಬೇತಿ, ಆಟದ ರಚನೆ, ಐದು ಬದಲಿಗಳು, ಕಾರ್ನರ್ ಮತ್ತು ಫ್ರೀ ಕಿಕ್ ಯೋಜನೆ. ಇವುಗಳ ತಪ್ಪನ್ನು ಗುರುತಿಸುವುದು ಅಂಥ ಕಷ್ಟವಲ್ಲ, ತಾಳ್ಮೆ ಬೇಕು. ಕಳೆದ ಹದಿನೈದು ಪಂದ್ಯಗಳಲ್ಲಿ ಬಿಟ್ಟುಕೊಟ್ಟ ಗೋಲುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಮುಂದೆ ಬಗೆ ನಮೂದಿಸಿ: ಕಾರ್ನರ್ ಅಥವಾ ಫ್ರೀ ಕಿಕ್‌ನಿಂದಲೋ, ಸ್ವಂತ ಅರ್ಧದಲ್ಲಿ ಚೆಂಡು ಕಳೆದುಕೊಂಡದ್ದರಿಂದಲೋ, ದಾಳಿಗೆ ಹೋದಾಗ ಹಿಂದೆ ಜಾಗ ಬಿಟ್ಟದ್ದರಿಂದಲೋ, ಬದಿಯಿಂದ ಬಂದ ಕ್ರಾಸ್‌ನಿಂದಲೋ, ಒಬ್ಬನದೇ ಎಡವಟ್ಟಿನಿಂದಲೋ. ಜೊತೆಗೆ ನಿಮಿಷವನ್ನೂ ಬರೆಯಿರಿ.

ಇಪ್ಪತ್ತರಲ್ಲಿ ಎಂಟು ಒಂದೇ ಬಗೆಯವಾಗಿದ್ದು, ಬೇರೆ ಬೇರೆ ಆಟಗಾರರು ಅವುಗಳಲ್ಲಿ ಸಿಕ್ಕಿಬಿದ್ದಿದ್ದರೆ ಅದು ರಚನೆಯ ದೋಷ, ತರಬೇತಿಯ ದೋಷ. ಕೋಚ್ ಉತ್ತರ ಕೊಡಬೇಕು. ಎಂಟರಲ್ಲೂ ಒಬ್ಬನೇ ಸಿಕ್ಕಿಬಿದ್ದಿದ್ದರೆ ಹೊಣೆ ಆಟಗಾರನದು. ಮೂರನೇ ಸಲವಾದ ಮೇಲೂ ಅವನನ್ನೇ ಆಡಿಸಿದ್ದರೆ ಕೋಚ್‌ನದೂ ಹೌದು, ಬೇರೆ ಆಟಗಾರನೇ ಇಲ್ಲದಿದ್ದರೆ ತಂಡ ಕಟ್ಟಿದವರದು. ಬಗೆಗಳು ಚೆಲ್ಲಾಪಿಲ್ಲಿಯಾಗಿದ್ದು ಎಲ್ಲರೂ ಸರದಿಯಂತೆ ಎಡವುತ್ತಿದ್ದರೆ, ಆಟಗಾರರ ಮಟ್ಟವೇ ಲೀಗ್‌ಗೆ ಸಾಲದು. 75ನೇ ನಿಮಿಷದ ನಂತರ ಗೋಲುಗಳು ಗುಂಪುಗುಂಪಾಗಿ ಬಂದಿದ್ದರೆ ದೇಹಕ್ಷಮತೆ, ಬದಲಿಗಳ ಸಮಯ, ಬೆಂಚಿನ ಗುಣಮಟ್ಟ ಈ ಮೂರನ್ನೂ ನೋಡಬೇಕು.

ಇನ್ನೊಂದು ಗುರುತು ಅಂತರ. ಎದುರಾಳಿಯನ್ನು ಮುಂದೆಯೇ ಒತ್ತಿ ಹಿಡಿಯುವ ಆಟದಲ್ಲಿ, ಮುಂಚೂಣಿಯವರಿಂದ ಹಿಂದಿನ ಡಿಫೆಂಡರ್‌ಗಳವರೆಗಿನ ಅಂತರ ಮೂವತ್ತು ಮೀಟರ್ ಆಸುಪಾಸಿನಲ್ಲಿ ಉಳಿಯಬೇಕು. ಮುಂದಿನವರು ಓಡಿ, ಹಿಂದಿನವರು ಹೆದರಿ ಅಲ್ಲೇ ನಿಂತರೆ ಅಂತರ ಹಿಗ್ಗಿ ನಡುವೆ ಬಯಲಾಗುತ್ತದೆ, ಎದುರಾಳಿಯ ಮಿಡ್‌ಫೀಲ್ಡರ್‌ಗೆ ತಲೆಯೆತ್ತಿ ನೋಡಲು ಪುರುಸೊತ್ತು ಸಿಗುತ್ತದೆ. ಟಿವಿಯಲ್ಲಿ ಕಾಣುವುದು ‘ಮಿಡ್‌ಫೀಲ್ಡ್ ಸತ್ತುಹೋಗಿದೆ’ ಎಂಬಂತೆ. ಅಸಲಿಗೆ ಮಿಡ್‌ಫೀಲ್ಡರ್‌ಗಳು ಇಬ್ಬರು ಮಾಡಲಾಗದ ಕೆಲಸ ಮಾಡುತ್ತಿರುತ್ತಾರೆ. ಆಟಗಾರರು ಕೋಚ್ ಮಾತು ನಂಬದಿರುವಾಗ ಮೊದಲು ಬಿರುಕು ಬಿಡುವುದು ಈ ಅಂತರದಲ್ಲೇ: ಇಬ್ಬರು ಒತ್ತಡಕ್ಕೆ ನುಗ್ಗುತ್ತಾರೆ, ಮೂರನೆಯವನು ಬರುವುದಿಲ್ಲ.

ಕೋಚ್ ಬದಲಾವಣೆಯಿಂದಲೇ ಎಲ್ಲ ಬದಲಾದದ್ದೂ ಇದೆ, ಅದನ್ನು ಮರೆಮಾಚಬಾರದು. ಚೆಲ್ಸಿ ಕ್ಲಬ್ 2021ರ ಜನವರಿ ಕೊನೆಯಲ್ಲಿ ಫ್ರಾಂಕ್ ಲ್ಯಾಂಪಾರ್ಡ್ ಅವರನ್ನು ತೆಗೆದಾಗ ತಂಡ 9ನೇ ಸ್ಥಾನದಲ್ಲಿತ್ತು. ಥಾಮಸ್ ಟೂಹೆಲ್ ಬಂದು ಹಿಂದೆ ಮೂವರು ಡಿಫೆಂಡರ್‌ಗಳ ರಚನೆಗೆ ಹೊರಳಿಸಿದರು. ಹೊಸ ಆಟಗಾರರು ಬರಲಿಲ್ಲ. ಲೀಗ್‌ನಲ್ಲಿ 4ನೇ ಸ್ಥಾನ ಬಂತು, ಮೇ 29ರಂದು ಪೋರ್ಟೊದಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು 1–0ಯಿಂದ ಸೋಲಿಸಿ ಚಾಂಪಿಯನ್ಸ್ ಲೀಗ್ ಕೂಡ ಬಂತು. ಅದೇ ಆಟಗಾರರು, ನಾಲ್ಕೇ ತಿಂಗಳು. ಇಲ್ಲಿ ತಪ್ಪಿನ ವಯಸ್ಸು ಚಿಕ್ಕದಿತ್ತು, ಆದ್ದರಿಂದ ಮದ್ದೂ ಬೇಗ ಹತ್ತಿತು.

ಗಾಯಾಳುಗಳ ಪಟ್ಟಿ

‘ಗಾಯಗಳು ಕಾಡಿದವು’ ಎಂದು ಕೋಚ್ ಹೇಳಿದಾಗ ನೆವ ಹೇಳುತ್ತಿದ್ದಾರೆ ಅನಿಸುತ್ತದೆ. ಅರ್ಧ ನಿಜ. ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ 2001ರಿಂದ ನಡೆಸುತ್ತಿರುವ ಕ್ಲಬ್‌ಗಳ ಗಾಯದ ಅಧ್ಯಯನದಲ್ಲಿ, ಗಾಯ ಕಡಿಮೆ ಇದ್ದ, ಹೆಚ್ಚು ಆಟಗಾರರು ಲಭ್ಯವಿದ್ದ ಋತುಗಳಲ್ಲಿ ಕ್ಲಬ್‌ಗಳು ಲೀಗ್‌ನಲ್ಲಿ ಮೇಲಿನ ಸ್ಥಾನ ಪಡೆದದ್ದು ಕಂಡುಬಂದಿದೆ. ಒಟ್ಟು ಗಾಯಗಳಲ್ಲಿ ತೊಡೆಯ ಹಿಂಭಾಗದ ಸ್ನಾಯುವಿನ ಪಾಲು ಎರಡು ದಶಕಗಳಲ್ಲಿ ಶೇ 12ರಿಂದ ಶೇ 24ಕ್ಕೆ ಏರಿದೆ. ಆಟದ ವೇಗ ಹೆಚ್ಚಿದೆ, ಪಂದ್ಯಗಳೂ ಹೆಚ್ಚಿವೆ.

ಆದರೆ ಗಾಯವೂ ಕೆಲವೊಮ್ಮೆ ಯಾರದೋ ತೀರ್ಮಾನದ ಫಲ. ತೊಡೆಯ ಹಿಂಭಾಗದ ಈ ಸ್ನಾಯು (ಹ್ಯಾಮ್‌ಸ್ಟ್ರಿಂಗ್) ಹರಿದವನು ಪಂದ್ಯಕ್ಕೆ ಮರಳುವ ಮುನ್ನ ತರಬೇತಿಯಲ್ಲೇ ತನ್ನ ಗರಿಷ್ಠ ವೇಗದ ಶೇ 90ರ ಮೇಲೆ ಹಲವು ಬಾರಿ ಓಡಿ, ಮರುದಿನ ನೋವಿಲ್ಲದೆ ಎದ್ದಿರಬೇಕು. ದೊಡ್ಡ ಪಂದ್ಯ ಎದುರಿಗಿದ್ದಾಗ ಈ ಹಂತವನ್ನೇ ಹಾರಿಸುತ್ತಾರೆ. ಎರಡು ವಾರದ ಗಾಯ ಎರಡು ತಿಂಗಳದಾಗುತ್ತದೆ. ಅದೇ ಅಧ್ಯಯನ ತಂಡ ಗಮನಿಸಿದ ಇನ್ನೊಂದು ಸಂಗತಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ: ಮುಖ್ಯ ಕೋಚ್ ಮತ್ತು ವೈದ್ಯಕೀಯ ತಂಡದ ನಡುವೆ ಮಾತುಕತೆ ಸರಿಯಿಲ್ಲದ ಕ್ಲಬ್‌ಗಳಲ್ಲಿ ಗಾಯದ ಹೊರೆ ಹೆಚ್ಚು, ಆಟಕ್ಕೆ ಸಿಗುವವರು ಕಡಿಮೆ. ಮೂಳೆ ಮುರಿತ, ಎದುರಾಳಿಯ ಒರಟು ಟ್ಯಾಕಲ್‌ನಿಂದಾದ ಮಂಡಿ ಗಾಯ ದುರದೃಷ್ಟ. ಒಂದೇ ಋತುವಿನಲ್ಲಿ ಆರು ಸ್ನಾಯು ಗಾಯ, ಅದರಲ್ಲಿ ಎರಡು ಮರುಕಳಿಸಿದವು ಎಂದರೆ ವೈದ್ಯರ ಮಾತಿಗೆ ಅಲ್ಲಿ ಬೆಲೆ ಇದೆಯೇ ಎಂದು ಕೇಳಬೇಕು.

ಒಪ್ಪಂದದ ಹಾಳೆ

ಮತ್ತೆ ಶಾಲ್ಕೆಗೆ ಬರೋಣ. 2017–18ರಲ್ಲಿ ಇದೇ ಕ್ಲಬ್ ಲೀಗ್‌ನಲ್ಲಿ ಎರಡನೇ ಸ್ಥಾನ ಪಡೆದಿತ್ತು. ಮೂರೇ ವರ್ಷದಲ್ಲಿ ಪಾತಾಳ ಕಂಡದ್ದು ಹೇಗೆ? ಜೊಯೆಲ್ ಮಾಟಿಪ್ 2016ರಲ್ಲಿ ಲಿವರ್‌ಪೂಲ್‌ಗೆ, ಸೆಯಾದ್ ಕೊಲಾಶಿನಾಚ್ 2017ರಲ್ಲಿ ಆರ್ಸೆನಲ್‌ಗೆ, ಲಿಯೊನ್ ಗೊರೆಟ್ಸ್‌ಕಾ 2018ರಲ್ಲಿ ಬಯಾರ್ನ್‌ಗೆ, ಅದೇ ಬೇಸಿಗೆಯಲ್ಲಿ ಮ್ಯಾಕ್ಸ್ ಮೆಯರ್ ಕ್ರಿಸ್ಟಲ್ ಪ್ಯಾಲೆಸ್‌ಗೆ, ಗೋಲ್‌ಕೀಪರ್ ಅಲೆಕ್ಸಾಂಡರ್ ನ್ಯೂಬೆಲ್ 2020ರಲ್ಲಿ ಬಯಾರ್ನ್‌ಗೆ ಹೋದರು. ಐವರೂ ಹೋದದ್ದು ಒಪ್ಪಂದ ಮುಗಿದು, ಕ್ಲಬ್‌ಗೆ ಒಂದು ಯೂರೊ ಕೂಡ ಸಿಗದ ಹಾಗೆ.

ಆಟಗಾರ ಬೊಸ್‌ಮನ್ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ 1995ರಲ್ಲಿ ಕೊಟ್ಟ ತೀರ್ಪಿನ ನಂತರ ಒಪ್ಪಂದ ಮುಗಿದ ಆಟಗಾರ ಪುಕ್ಕಟೆಯಾಗಿ ಎಲ್ಲಿಗೆ ಬೇಕಾದರೂ ಹೋಗಬಹುದು. ಕೊನೆಯ ಆರು ತಿಂಗಳಲ್ಲಿ ಬೇರೆ ಕ್ಲಬ್ ಜೊತೆ ಮುಂಗಡ ಒಪ್ಪಂದ ಮಾಡಿಕೊಳ್ಳಲೂಬಹುದು. ಅದಕ್ಕಾಗಿ ನೆಟ್ಟಗೆ ನಡೆಯುವ ಕ್ಲಬ್‌ಗಳಲ್ಲಿ ಒಂದು ಕಟ್ಟುನಿಟ್ಟು ಇರುತ್ತದೆ: ಒಪ್ಪಂದಕ್ಕೆ ಎರಡು ವರ್ಷ ಉಳಿದಿರುವಾಗಲೇ ಆಟಗಾರನ ಜೊತೆ ಕೂರಬೇಕು, ಸಹಿ ಹಾಕಿದರೆ ಸರಿ, ಇಲ್ಲವಾದರೆ ಆ ಬೇಸಿಗೆಯಲ್ಲೇ ಮಾರಬೇಕು. ಒಂದು ವರ್ಷಕ್ಕೆ ಇಳಿದರೆ ಬೆಲೆ ಕುಸಿಯುತ್ತದೆ, ಆರು ತಿಂಗಳಿಗೆ ಇಳಿದರೆ ಮಾತಾಡಲು ಏನೂ ಉಳಿಯುವುದಿಲ್ಲ. ಮಾರಿದ ಹಣದಲ್ಲೇ ಮುಂದಿನವರನ್ನು ಕೊಳ್ಳುವ ಕ್ಲಬ್‌ಗೆ ಇದು ಜೀವನಾಡಿ. ಮಾಟಿಪ್, ಗೊರೆಟ್ಸ್‌ಕಾ ಅವರ ಒಪ್ಪಂದಗಳು ಕರಗುತ್ತಿದ್ದ ವರ್ಷಗಳಲ್ಲಿ, 2020–21ರಲ್ಲಿ ಕೆಲಸ ಕಳೆದುಕೊಂಡ ಯಾರೂ ಅಲ್ಲಿ ಕೋಚ್ ಆಗಿರಲಿಲ್ಲ.

ಲೆಸ್ಟರ್‌ನಲ್ಲೂ ಇದೇ ರೋಗದ ಇನ್ನೊಂದು ರೂಪ. ಸಂಬಳ ಏರಿದ್ದರಿಂದ 2022ರ ಬೇಸಿಗೆಯಲ್ಲಿ ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ. ಗೋಲ್‌ಕೀಪರ್ ಕ್ಯಾಸ್ಪರ್ ಶ್ಮೈಕೆಲ್ ಹೋದರು, ಆ ಜಾಗಕ್ಕೆ ಎರಡನೇ ಗೋಲ್‌ಕೀಪರ್‌ನನ್ನೇ ಮುಂದೆ ತಂದರು. ಯೂರಿ ಟೀಲೆಮನ್ಸ್ ಒಪ್ಪಂದದ ಕೊನೆಯ ವರ್ಷ ಆಡಿ ಪುಕ್ಕಟೆ ಹೋದರು. ಏಪ್ರಿಲ್‌ನಲ್ಲಿ ಕೋಚ್ ಬ್ರೆಂಡನ್ ರಾಜರ್ಸ್ ಅವರನ್ನು ತೆಗೆದರು. ಅವರ ಆಟದ ಯೋಜನೆಯಲ್ಲಿ ದೋಷಗಳಿರಲಿಲ್ಲ ಎಂದಲ್ಲ, ಕಾರ್ನರ್‌ಗಳಲ್ಲಿ ಆ ತಂಡ ಬಹಳ ದಿನದಿಂದ ಎಡವುತ್ತಿತ್ತು. ಆದರೆ ಬರಿದಾದ ಖಜಾನೆ ಕೋಚ್ ಕೊಠಡಿಯ ವಿಷಯವಲ್ಲ.

ಖರೀದಿಯ ಇನ್ನೊಂದು ತಪ್ಪು ಕೋಚ್‌ಗೂ ತಂಡಕ್ಕೂ ಹೊಂದಿಕೆ ಇಲ್ಲದಿರುವುದು. ಒಬ್ಬರು ಚೆಂಡು ಹಿಡಿದು ನಿಧಾನ ಕಟ್ಟುವ ಆಟ ಬಯಸುತ್ತಾರೆ, ಅದಕ್ಕೆ ತಕ್ಕ ಸೆಂಟರ್‌ಬ್ಯಾಕ್‌ಗಳನ್ನು ಕೊಳ್ಳುತ್ತಾರೆ. ಅವರನ್ನು ಕಳಿಸಿ ತಂದ ಮುಂದಿನವರಿಗೆ ಓಟ ಬೇಕು. ಹೀಗೆ ಮೂವರು ಕೋಚ್‌ಗಳಿಗಾಗಿ ಕೊಂಡ ಆಟಗಾರರು ಒಂದೇ ಡ್ರೆಸ್ಸಿಂಗ್ ರೂಮಿನಲ್ಲಿ ಸೇರಿದರೆ, ನಾಲ್ಕನೆಯವರ ಪಾಡು ಗಂಟಲಲ್ಲಿ ಸಿಕ್ಕಿದ ಮುಳ್ಳು: ನುಂಗಲೂ ಆಗದು, ಉಗುಳಲೂ ಆಗದು.

ಕೋಚನ್ನೇ ಯಾಕೆ ಕಳಿಸುತ್ತಾರೆ

ಉತ್ತರ ಲೆಕ್ಕದ ಪುಸ್ತಕದಲ್ಲಿದೆ. ಆರು ಕೋಟಿ ಪೌಂಡ್‌ಗೆ ಕೊಂಡ ಆಟಗಾರನ ಬೆಲೆಯನ್ನು ಐದು ವರ್ಷಕ್ಕೆ ಹಂಚಿ, ವರ್ಷಕ್ಕೆ 1.2 ಕೋಟಿಯಂತೆ ಖರ್ಚು ಬರೆಯುತ್ತಾರೆ. ಎರಡು ವರ್ಷದ ಮೇಲೆ ಪುಸ್ತಕದಲ್ಲಿ ಅವನ ಬೆಲೆ 3.6 ಕೋಟಿ. ಆಟ ಕೆಟ್ಟಿದೆ, ಎರಡು ಕೋಟಿಗೆ ಮಾತ್ರ ಕೇಳುವವರಿದ್ದಾರೆ. ಮಾರಿದರೆ ಅದೇ ವರ್ಷದ ಲೆಕ್ಕಕ್ಕೆ 1.6 ಕೋಟಿ ನಷ್ಟ. ಇಂಥ ಐವರನ್ನು ಸಾಗಹಾಕಿದರೆ 8 ಕೋಟಿ. ಅದೂ ಟ್ರಾನ್ಸ್‌ಫರ್ ವಿಂಡೋ, ಅಂದರೆ ಆಟಗಾರರನ್ನು ಕೊಳ್ಳಲು ಮಾರಲು ನಿಗದಿಯಾದ ಅವಧಿ, ತೆರೆದಿರುವಾಗ ಮಾತ್ರ ಸಾಧ್ಯ, ಆಟಗಾರ ಒಪ್ಪಿದರೆ ಮಾತ್ರ ಸಾಧ್ಯ. ಕೋಚ್‌ಗೆ ವಿಂಡೋ ಇಲ್ಲ, ಯಾವ ಮಂಗಳವಾರ ಬೇಕಾದರೂ ಕಳಿಸಬಹುದು.

ಮ್ಯಾಂಚೆಸ್ಟರ್ ಯುನೈಟೆಡ್ 2024ರ ಜುಲೈನಲ್ಲಿ ಎರಿಕ್ ಟೆನ್ ಹಾಗ್ ಒಪ್ಪಂದವನ್ನು ವಿಸ್ತರಿಸಿತು, ಅಕ್ಟೋಬರ್ 28ಕ್ಕೆ ಅವರನ್ನು ತೆಗೆಯಿತು. ಜುಲೈನಲ್ಲೇ ಸೇರಿದ್ದ ಸ್ಪೋರ್ಟಿಂಗ್ ಡೈರೆಕ್ಟರ್ ಡ್ಯಾನ್ ಆ್ಯಶ್ವರ್ತ್ ಡಿಸೆಂಬರ್‌ನಲ್ಲಿ ಹೋದರು. ಟೆನ್ ಹಾಗ್, ಅವರ ಸಹಾಯಕರು, ಆ್ಯಶ್ವರ್ತ್ ಎಲ್ಲರನ್ನೂ ಕಳಿಸಿಕೊಡಲು ಆದ ಖರ್ಚು 1.45 ಕೋಟಿ ಪೌಂಡ್. ಕೇಳಲು ದೊಡ್ಡ ಮೊತ್ತ, ಆದರೂ ಒಬ್ಬ ಆಟಗಾರನ ಖರೀದಿಯಲ್ಲಾದ ಎಡವಟ್ಟಿಗಿಂತ ಕಡಿಮೆ. ನಂತರ ಬಂದ ರೂಬೆನ್ ಅಮೊರಿಮ್ ಹಿಂದೆ ಮೂವರನ್ನು ನಿಲ್ಲಿಸುವ ರಚನೆಗೆ ಹೆಸರಾದವರು. ಕೈಗೆ ಸಿಕ್ಕಿದ್ದು ನಾಲ್ವರ ರಚನೆಗಾಗಿ ಕೊಂಡ ತಂಡ. ಋತು ಮುಗಿದಾಗ 42 ಅಂಕ, 15ನೇ ಸ್ಥಾನ. ಜುಲೈನ ವಿಸ್ತರಣೆ, ಅಕ್ಟೋಬರ್‌ನ ವಜಾ, ನವೆಂಬರ್‌ನ ಆಯ್ಕೆ ಮೂರೂ ತೀರ್ಮಾನಗಳು ಆಡಳಿತದ್ದೇ.

ಕೋಚ್ ಬದಲಿಸಿದರೆ ಆಟ ಸುಧಾರಿಸುತ್ತದೆ ಎಂಬ ನಂಬಿಕೆಗೆ ಒಂದು ಕಾರಣವಿದೆ: ನಿಜವಾಗಿಯೂ ಸುಧಾರಿಸಿದಂತೆ ಕಾಣುತ್ತದೆ. ನೆದರ್‌ಲೆಂಡ್ಸ್‌ನ ಅರ್ಥಶಾಸ್ತ್ರಜ್ಞರಾದ ಯಾನ್ ವಾನ್ ಔರ್ಸ್ ಮತ್ತು ಮಾರ್ಟಿನ್ ವಾನ್ ಟೌಲ್ ಅಲ್ಲಿನ ಲೀಗ್‌ನ 2000ರಿಂದ 2014ರವರೆಗಿನ ಋತುಗಳನ್ನು ನೋಡಿದರು. ಋತುವಿನ ಮಧ್ಯೆ ಕೋಚ್ ಬದಲಿಸಿದ ತಂಡಗಳ ಫಲಿತಾಂಶ ಮೇಲೇರಿತ್ತು. ಆಮೇಲೆ ಅಷ್ಟೇ ಕೆಟ್ಟದಾಗಿ ಸೋಲುತ್ತಿದ್ದರೂ ಕೋಚನ್ನು ಉಳಿಸಿಕೊಂಡ ತಂಡಗಳನ್ನು ಜೋಡಿಸಿ ನೋಡಿದರು. ಅವೂ ಅಷ್ಟೇ ಮೇಲೇರಿದ್ದವು. ಕೋಚನ್ನು ತೆಗೆಯುವುದು ಸಾಮಾನ್ಯವಾಗಿ ತಂಡ ಅದೃಷ್ಟಗೆಟ್ಟು ತಳ ಮುಟ್ಟಿದಾಗ. ತಳದಿಂದ ಮುಂದಿನ ದಾರಿ ಹೇಗಿದ್ದರೂ ಮೇಲಕ್ಕೇ.

ಇಂಗ್ಲೆಂಡಿನ ಬ್ರೆಂಟ್‌ಫರ್ಡ್ ಇದನ್ನು ಅರಿತಿದ್ದ ಕ್ಲಬ್. 2018ರ ಅಕ್ಟೋಬರ್‌ನಲ್ಲಿ ಮುಖ್ಯ ಕೋಚ್ ಆದ ಥಾಮಸ್ ಫ್ರಾಂಕ್ ಮೊದಲ ಹತ್ತು ಪಂದ್ಯಗಳಲ್ಲಿ ಎಂಟು ಸೋತರು. ಮಾಲೀಕ ಮ್ಯಾಥ್ಯೂ ಬೆನ್‌ಹ್ಯಾಮ್ ಅಂಕಪಟ್ಟಿಗಿಂತ ಅವಕಾಶಗಳ ಗುಣಮಟ್ಟದ ಲೆಕ್ಕಕ್ಕೆ ಬೆಲೆ ಕೊಡುವವರು. ಫ್ರಾಂಕ್ ಉಳಿದರು. 2021ರಲ್ಲಿ ಕ್ಲಬ್ 74 ವರ್ಷಗಳ ನಂತರ ಮೇಲಿನ ದರ್ಜೆಗೆ ಏರಿತು.

ಮೈದಾನಕ್ಕೆ ಇಳಿಯದವರು

ಎವರ್ಟನ್ 2023–24ರಲ್ಲಿ ಮೈದಾನದಲ್ಲಿ 48 ಅಂಕ ಗಳಿಸಿತು, ಪಟ್ಟಿಯಲ್ಲಿ ಉಳಿದದ್ದು 40. ಮೂರು ವರ್ಷಗಳಲ್ಲಿ 10.5 ಕೋಟಿ ಪೌಂಡ್‌ಗಿಂತ ಹೆಚ್ಚು ನಷ್ಟ ಮಾಡಬಾರದೆಂಬ ಪ್ರೀಮಿಯರ್ ಲೀಗ್ ನಿಯಮ ಮುರಿದದ್ದಕ್ಕೆ ಮೊದಲು 10 ಅಂಕ ಕಡಿತವಾಯಿತು, ಮೇಲ್ಮನವಿಯಲ್ಲಿ 6ಕ್ಕಿಳಿಯಿತು, ಇನ್ನೊಂದು ಪ್ರಕರಣದಲ್ಲಿ 2 ಹೋಯಿತು. ಮೊದಲ ಶಿಕ್ಷೆ 2021–22ಕ್ಕೆ ಮುಗಿದ ಅವಧಿಯದು. ಕೋಚ್ ಶಾನ್ ಡೈಚ್ ಆ ಕ್ಲಬ್‌ಗೆ ಬಂದದ್ದು 2023ರ ಜನವರಿಯಲ್ಲಿ.

ಚೆಲ್ಸಿಯ 2022–23 ಇದಕ್ಕಿಂತ ಕಲಿಸುವಂಥದ್ದು, ಏಕೆಂದರೆ ಅಲ್ಲಿ ಹಣದ ಕೊರತೆ ಇರಲಿಲ್ಲ. ಹೊಸ ಮಾಲೀಕರು ಬಂದ ಮೊದಲ ವರ್ಷ ಎರಡು ವಿಂಡೋಗಳಲ್ಲಿ 50 ಕೋಟಿ ಪೌಂಡ್‌ಗೂ ಹೆಚ್ಚು ಸುರಿದರು. ಸೆಪ್ಟೆಂಬರ್‌ನಲ್ಲಿ ಟೂಹೆಲ್ ಹೋದರು, ಏಪ್ರಿಲ್‌ನಲ್ಲಿ ಗ್ರಹಾಂ ಪಾಟರ್ ಹೋದರು, ಹಂಗಾಮಿಯಾಗಿ ಲ್ಯಾಂಪಾರ್ಡ್ ಮರಳಿದರು. 38 ಪಂದ್ಯಗಳಲ್ಲಿ 38 ಗೋಲು, 12ನೇ ಸ್ಥಾನ. ಬೇಸಿಗೆಯ ಖರೀದಿಯೆಲ್ಲ ಒಬ್ಬ ಕೋಚ್ ಇದ್ದಾಗ ಮುಗಿಸಿ, ವಿಂಡೋ ಮುಚ್ಚಿದ ಆರು ದಿನಕ್ಕೆ ಆ ಕೋಚನ್ನೇ ತೆಗೆದರೆ, ಮುಂದಿನವರು ಜನವರಿವರೆಗೆ ಇನ್ನೊಬ್ಬರ ತಂಡ ಆಡಿಸಬೇಕಾಗುತ್ತದೆ. ಅನುಮಾನವಿದ್ದರೆ ಮೇ ತಿಂಗಳಲ್ಲೇ ಕಳಿಸಬೇಕಿತ್ತು. ಇಲ್ಲದಿದ್ದರೆ ಕನಿಷ್ಠ ಒಂದು ಋತು ಕೊಡಬೇಕಿತ್ತು.

ಕ್ಲಬ್ ಒಂದು ವಜಾ ಪ್ರಕಟಣೆ ಹೊರಡಿಸಿದಾಗ ಅದರಲ್ಲಿ ಹೋಗುವವರ ಹೆಸರು ಮಾತ್ರ ಇರುತ್ತದೆ. ಅವರನ್ನು ಆರಿಸಿದವರು ಯಾರು, ಅವರು ಆರಿಸಿದ ಕೋಚ್‌ಗಳಲ್ಲಿ ಇದು ಎಷ್ಟನೆಯದು, ಮುಂದಿನವರನ್ನೂ ಅವರೇ ಆರಿಸುತ್ತಾರೆಯೇ ಎಂದು ನೋಡಿ. ಹೊಸ ಕೋಚ್‌ನ ಮೊದಲ ಪತ್ರಿಕಾಗೋಷ್ಠಿಯಲ್ಲಿ ಎಲ್ಲ ಪ್ರಶ್ನೆಗಳೂ ಶನಿವಾರದ ಪಂದ್ಯದ ಬಗ್ಗೆ ಇರುತ್ತವೆ. ಪಕ್ಕದ ಕುರ್ಚಿಯಲ್ಲಿ ಕೂತ ಸ್ಪೋರ್ಟಿಂಗ್ ಡೈರೆಕ್ಟರ್ ಅವರನ್ನು ಕೇಳಬೇಕಾದ ಪ್ರಶ್ನೆಗಳು ಬೇರೆ: ಮೊದಲ ಹನ್ನೊಂದರಲ್ಲಿ ಯಾರ ಯಾರ ಒಪ್ಪಂದ ಎರಡು ವರ್ಷದೊಳಗೆ ಮುಗಿಯುತ್ತದೆ, ಅವರಲ್ಲಿ ಯಾರ ಜೊತೆ ಮಾತುಕತೆ ಶುರುವಾಗಿದೆ, ಶುರುವಾಗದವರನ್ನು ಈ ಬೇಸಿಗೆಯಲ್ಲೇ ಮಾರುತ್ತೀರಾ?